ಗುಳ್ಳೆ ಎದ್ದವರೂ ಏಳದವರೂ

ಚರ್ಮ ಮನುಷ್ಯನ ದೇಹದ ಅತಿ ದೊಡ್ಡ ಅಂಗ ಎಂದು ವೈದ್ಯಕೀಯ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ನಾನು ಕೆಲಸ ಮಾಡಿದ ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆ ದೊಡ್ಡ ಅಂಗಕ್ಕೆ ಕೊಟ್ಟಿದ್ದು ಅತಿ ಸಣ್ಣ ಕೋಣೆ. ಎಡಕ್ಕೆ ಹಾಸಿಗೆ ಬಟ್ಟೆಗಳ ಗೋದಾಮು, ಬಲಕ್ಕೆ ಲಿಫ್ಟು. ಲಿಫ್ಟಿಗೆ ಕಾದು ಬೇಸತ್ತವರು ನನ್ನ ಬಾಗಿಲು ತೆರೆದು, 'ಮೆಟ್ಟಿಲು ಯಾವ ಕಡೆ?' ಎಂದು ಕೇಳುತ್ತಿದ್ದರು. ಮೊದಮೊದಲು ನನ್ನನ್ನು ಹುಡುಕಿಕೊಂಡು ಬಂದವರಲ್ಲಿ ರೋಗಿಗಳಿಗಿಂತ ಇವರ ಸಂಖ್ಯೆಯೇ ಹೆಚ್ಚು.

ಈಗ ನಿವೃತ್ತಳಾಗಿ ಲಿಂಗಂಪಲ್ಲಿಯ ಮನೆಯಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರುಗಳು ಆಗಾಗ ಬಂದು, 'ಮೇಡಂ, ನಮಗೂ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚರ್ಮದ ವಿಭಾಗ ಸಿಕ್ಕಿದೆ, ನಿಮ್ಮ ಅನುಭವ ಹೇಳಿ' ಎನ್ನುತ್ತಾರೆ. ಮುಲಾಮುಗಳ ಹೆಸರುಗಳು ಪುಸ್ತಕದಲ್ಲಿವೆ, ಓದಿಕೊಳ್ಳಿ. ಪುಸ್ತಕದಲ್ಲಿ ಇಲ್ಲದವರು ಮೂವರು: ಇಬ್ಬರು ರೋಗಿಗಳು, ಒಬ್ಬ ಸಾಹೇಬರು. ಅವರ ಸಂಗತಿಯನ್ನೇ ಹೇಳುತ್ತೇನೆ.

ಮೊದಲು ಸಾಹೇಬರು. ಕ್ಯಾನ್ಸರ್ ಔಷಧ ವಿಭಾಗದ ಮುಖ್ಯಸ್ಥರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಅವರು ವಾರ್ಡಿಗೆ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ. ಕೆಟ್ಟ ಡಾಕ್ಟರಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟ ಡಾಕ್ಟರಾಗಿದ್ದರೆ ಅವರ ಮಾತನ್ನು ಯಾರೂ ಅಷ್ಟು ನಂಬುತ್ತಿರಲಿಲ್ಲ. ಕ್ಯಾನ್ಸರನ್ನು ಅವರು ಶತ್ರು ಎಂದು ಗೌರವಿಸುತ್ತಿದ್ದರು. ಚರ್ಮರೋಗವನ್ನು ನೆಂಟರ ಮನೆಯ ಮಕ್ಕಳ ಗಲಾಟೆಯಂತೆ ಸಹಿಸಿಕೊಳ್ಳುತ್ತಿದ್ದರು. ನಾನು ಎದುರಾದಾಗಲೆಲ್ಲ, 'ಏನಮ್ಮಾ, ಹೇಗಿದೆ ನಿಮ್ಮ ಸ್ನೋ ಪೌಡರ್ ಡಿಪಾರ್ಟ್‌ಮೆಂಟು?' ಎನ್ನುವರು. ವರ್ಷಗಟ್ಟಲೆ ಅದೇ ಹಾಸ್ಯ, ಅದೇ ನಗು. ಹಾಸ್ಯಕ್ಕೆ ಅವಧಿ ಮುಗಿಯುವ ತಾರೀಖು ಬರೆಯದೆ ಇರುವುದು ದೊಡ್ಡ ಅನ್ಯಾಯ.

ಹಳೆಯ ಕಾಲದಲ್ಲಿ, ಅಂದರೆ ಬರೀ ಕೀಮೋ ಇದ್ದ ಕಾಲದಲ್ಲಿ, ನನಗೆ ಬರುತ್ತಿದ್ದುದು ಕೂದಲು ಉದುರಿದವರು, ಸೂಜಿ ಚುಚ್ಚಿದ ಜಾಗ ಸುಟ್ಟುಹೋದವರು, ಸರ್ಪಸುತ್ತು ಎದ್ದವರು. ಆಮೇಲೆ ಹೊಸ ಗುಳಿಗೆಗಳು ಬಂದವು. ಸಾಹೇಬರು ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ವಿವರಿಸಿದರು. ಕೀಮೋ ಎಂದರೆ ಸಿಕ್ಕಸಿಕ್ಕವರಿಗೆಲ್ಲ ಹೊಡೆಯುವುದು. ಇದು ಹಾಗಲ್ಲ, ಗುರಿಯಿಟ್ಟು ಕ್ಯಾನ್ಸರ್ ಜೀವಕೋಶಕ್ಕೆ ಮಾತ್ರ ಹೊಡೆಯುತ್ತದೆ. ಬೆಳಿಗ್ಗೆ ಎದ್ದು ಒಂದು ಗುಳಿಗೆ ನುಂಗಿ ಕೆಲಸಕ್ಕೆ ಹೋಗಬಹುದು.

'ಅಡ್ಡ ಪರಿಣಾಮ ಏನೂ ಇಲ್ಲವೇ ಸರ್?' ಎಂದು ಹಿಂದಿನ ಸಾಲಿನಿಂದ ಕೇಳಿದೆ.

'ಮುಖಕ್ಕೆ ಸ್ವಲ್ಪ ಮೊಡವೆ ಬರಬಹುದಮ್ಮಾ. ಅದಕ್ಕೆ ನೀವಿದ್ದೀರಲ್ಲ!'

ಸಭೆಯೇ ನಕ್ಕಿತು. ಸಭೆಗೆ ಗೊತ್ತಿಲ್ಲದ ಒಂದು ಸಣ್ಣ ಸಂಗತಿ ಇತ್ತು. ಆ ಗುಳಿಗೆ ಯಾವ ಗುರುತನ್ನು ಹುಡುಕಿಕೊಂಡು ಹೋಗಿ ಹೊಡೆಯುತ್ತದೋ ಅದೇ ಗುರುತು ನಮ್ಮ ಚರ್ಮದಲ್ಲಿ, ಉಗುರಿನ ಅಂಚಿನಲ್ಲಿ, ಕೂದಲಿನ ಬುಡದಲ್ಲಿ ಧಾರಾಳವಾಗಿ ಇದೆ. ಗುಳಿಗೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ಮುಖ ಯಾವುದು, ಕ್ಯಾನ್ಸರ್ ಯಾವುದು ಎಂದು ಅದು ಕೇಳುವುದಿಲ್ಲ.

ಹಾಗೆ ನನ್ನ ಕೋಣೆಗೆ ಬಂದವರು ಸಿದ್ರಾಮಪ್ಪ. ಚಿಂಚೋಳಿ ಕಡೆಯವರು. ಹರೆಯದಲ್ಲೇ ಹೈದರಾಬಾದಿಗೆ ಬಂದು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವರು. ಬೀಡಿ ಸೇದಿದವರಲ್ಲ, ಕುಡಿದವರಲ್ಲ; ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂತು. ಪರೀಕ್ಷೆ ಮಾಡಿ ಸಾಹೇಬರು ಹೊಸ ಗುಳಿಗೆ ಶುರುಮಾಡಿದ್ದರು. ಕೆಮ್ಮು ಕಡಿಮೆಯಾಯಿತು, ಉಸಿರು ಹಗುರವಾಯಿತು. ಒಂದೆರಡು ವಾರದಲ್ಲಿ ಮುಖದ ತುಂಬ ಗುಳ್ಳೆ ಎದ್ದವು.

ತಲೆಯ ಮೇಲಿಂದ ಟವೆಲ್ ಹೊದ್ದು, ಹೆಂಡತಿ ಕಾಶಮ್ಮನ ಕೈ ಹಿಡಿದುಕೊಂಡು ಒಳಗೆ ಬಂದರು. ನಮ್ಮಪ್ಪ ಹುಮನಾಬಾದಿನಿಂದ ನೌಕರಿಗೆಂದು ಈ ಊರಿಗೆ ಬಂದವರು. ಹಾಗಾಗಿ, ಡಾಕ್ಟರಮ್ಮನನ್ನು 'ಬಾಯಾರ' ಎಂದು ಕರೆಯುವ ಆ ಕಡೆಯ ಮಾತು ಕಿವಿಗೆ ಬಿದ್ದರೆ ನನ್ನ ನಾಲಿಗೆಯೂ ತಾನಾಗಿ ಅತ್ತ ತಿರುಗುತ್ತದೆ.

'ಟವೆಲ್ ತೆಗೀರಿ.'

'ಬ್ಯಾಡ್ರಿ ಬಾಯಾರ. ಹೆದರತೀರಿ ನೀವು.'

'ಇದೇ ನೋಡೂದು ನನ್ನ ಕೆಲಸ ಐತ್ರಿ. ತೆಗೀರಿ.'

ತೆಗೆದರು. ಹಣೆ, ಮೂಗು, ಕೆನ್ನೆ, ಅಲ್ಲಿಂದ ಕೆಳಗೆ ಎದೆಯವರೆಗೆ ಕೆಂಪು ಗುಳ್ಳೆಗಳು. ಪ್ರತಿಯೊಂದರ ತುದಿಯಲ್ಲೂ ಹಳದಿ ಚುಕ್ಕಿ. ನಡುವಿನ ಚರ್ಮ ಒಣಗಿ ಬಿರಿದು ಹೊಟ್ಟು ಉದುರುತ್ತಿತ್ತು. ಬಿರುಕುಗಳಲ್ಲಿ ಅರಿಸಿನ ತುಂಬಿತ್ತು. ಕಿವಿಯ ಹಿಂದೆ ಬೇವಿನ ಎಲೆಯೊಂದು ಅಂಟಿಕೊಂಡಿತ್ತು.

'ಇದೇನ್ರಿ ಬೇವು?'

ಉತ್ತರ ಕೊಟ್ಟವರು ಕಾಶಮ್ಮ. 'ಅಮ್ಮೋರು ಬಂದಾಳಂತ ಮನಿ ಮಾಲಕಿ ಹೇಳ್ಯಾಳ್ರಿ. ಅಮ್ಮೋರಿಗೆ ಕೈ ಮುಗದಾಳ, ನಮಗ ಮನಿ ಖಾಲಿ ಮಾಡ್ರಿ ಅಂದಾಳ.'

'ಕ್ಯಾನ್ಸರ್ ಗುಳಿಗಿ ಕೊಡಾಕತ್ತೀರಿ ಇಲ್ಲೋ?'

'ನಿಲ್ಲಿಸೀನ್ರಿ. ದೇವಿ ಮೈಮ್ಯಾಲೆ ಇದ್ದಾಗ ಔಷಧ ಕೊಡಬಾರದಲ್ಲರಿ?'

ನಡುವೆ ಒಮ್ಮೆ ಆಸ್ಪತ್ರೆಗೂ ಬಂದಿದ್ದರಂತೆ. ಸಾಹೇಬರ ಕೈಕೆಳಗಿನ ಕಿರಿಯ ಡಾಕ್ಟರೊಬ್ಬರು ಒಂದು ನೋಟ ನೋಡಿ, ಮೊಡವೆ ಎಂದು ತೀರ್ಮಾನಿಸಿ, ಕಾಲೇಜು ಹುಡುಗರು ಹಚ್ಚಿಕೊಳ್ಳುವ ಮೊಡವೆ ಕ್ರೀಮು ಬರೆದುಕೊಟ್ಟಿದ್ದರು. ಆ ಕ್ರೀಮಿನ ಕೆಲಸ ಎಣ್ಣೆ ಚರ್ಮವನ್ನು ಒಣಗಿಸುವುದು. ಮೊದಲೇ ಒಣಗಿ ಬಿರಿದ ಚರ್ಮಕ್ಕೆ ಅದನ್ನು ಹಚ್ಚಿದರೆ ಏನಾಗುತ್ತದೆ ಎಂದು ತಿಳಿಯಬೇಕಿದ್ದರೆ ಸಿದ್ರಾಮಪ್ಪನವರ ಮುಖ ನೋಡಿದರೆ ಸಾಕಿತ್ತು. ಮೊಡವೆಗೆ ಕಪ್ಪು ಮೂತಿ ಇರುತ್ತದೆ, ಇದಕ್ಕಿಲ್ಲ. ಮೊಡವೆಗೆ ಇಷ್ಟು ತುರಿಕೆ, ಉರಿ ಇರುವುದಿಲ್ಲ. ಇಷ್ಟನ್ನು ಗಮನಿಸಲು ಭೂತಗನ್ನಡಿ ಬೇಡ, ಒಂದು ಕುರ್ಚಿ ಮತ್ತು ಎರಡು ನಿಮಿಷದ ವ್ಯವಧಾನ ಸಾಕು. ನಮ್ಮ ಆಸ್ಪತ್ರೆಯಲ್ಲಿ ಕುರ್ಚಿಗಳಿಗೆ ಕೊರತೆ ಇರಲಿಲ್ಲ.

ಇದು ಅಮ್ಮೋರೂ ಅಲ್ಲ, ಮೊಡವೆಯೂ ಅಲ್ಲ, ಯಾರಿಗೂ ಅಂಟುವುದಿಲ್ಲ, ಗುಳಿಗೆಯಿಂದ ಬಂದದ್ದು ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಮೊಡವೆ ಕ್ರೀಮನ್ನು ಕಸದ ಬುಟ್ಟಿಗೆ ಹಾಕಿಸಿದೆ. ಬಟ್ಟೆಗೆ ಹಚ್ಚುವಂಥ ಕೆಂಪು ಸೋಪು ಮುಖಕ್ಕೆ ಬೇಡ. ಸ್ನಾನ ಮಾಡಿ ಮೈ ಹಸಿ ಇರುವಾಗಲೇ ವಾಸನೆಯಿಲ್ಲದ ತೇವದ ಕ್ರೀಮು. ಕೆಂಪಿದ್ದಲ್ಲಿ ಸ್ವಲ್ಪ ದಿನ ಸೌಮ್ಯವಾದ ಸ್ಟಿರಾಯ್ಡ್ ಮುಲಾಮು. ಜೊತೆಗೆ ಒಂದು ಹಳೆಯ ಆಂಟಿಬಯಾಟಿಕ್ ಕ್ಯಾಪ್ಸೂಲು. ಕ್ರಿಮಿ ಕೊಲ್ಲುವುದಕ್ಕಿಂತ ಹೆಚ್ಚಾಗಿ ಉರಿಯೂತ ಇಳಿಸಲು. ಬಿಸಿಲಿಗೆ ಹೋಗುವಾಗ ತಲೆಯ ಮೇಲೆ ಟವೆಲ್. ಎಲ್ಲಕ್ಕಿಂತ ಮುಖ್ಯವಾಗಿ, ಸಾಹೇಬರ ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಕ್ಯಾನ್ಸರ್ ಗುಳಿಗೆಯನ್ನು ಅಂದೇ ಮತ್ತೆ ಶುರುಮಾಡಿಸಿದೆ.

'ಮಾಲಕಿಗೆ ನೀವೇ ಒಂದ್ ಮಾತು ಹೇಳ್ರಿ,' ಎಂದು ಕಾಶಮ್ಮ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಆ ತಾಯಿಗೆ ತೆಲುಗಿನಲ್ಲಿ ಎಲ್ಲ ವಿವರಿಸಿದೆ. ಗಂಭೀರವಾಗಿ ಕೇಳಿಸಿಕೊಂಡರು. ಮನೆ ಬಿಡಿಸುವುದಿಲ್ಲ ಎಂದು ಮಾತು ಕೊಟ್ಟರು. ಆಮೇಲೆ, 'ಡಾಕ್ಟರಮ್ಮ, ನನ್ನ ಮಗಳಿಗೂ ಮೊಡವೆ ಇವೆ, ಏನು ಹಚ್ಚಬೇಕು?' ಎಂದರು. ದೇವಿ ಇಷ್ಟು ಬೇಗ ಮನೆ ಬಿಟ್ಟುಹೋದ ಉದಾಹರಣೆ ಬೇರೆ ಇರಲಾರದು.

ಕೆಲವೇ ವಾರಗಳಲ್ಲಿ ಮುಖ ತಣ್ಣಗಾಯಿತು. ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಗುಳಿಗೆ ಇರುವ ತನಕ ಅಲ್ಲೊಂದು ಇಲ್ಲೊಂದು ಇರುತ್ತವೆ. ಸಿದ್ರಾಮಪ್ಪ ಲೇತ್ ಕೆಲಸಕ್ಕೆ ಮರಳಿದರು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸಾಹೇಬರು ರೋಗಿಗೆ ಧೈರ್ಯ ತುಂಬಿದರು.

ಸಿದ್ರಾಮಪ್ಪನವರ ಮೊದಲ ಸ್ಕ್ಯಾನು ಬಂದಿತ್ತು. ಗಡ್ಡೆ ಚೆನ್ನಾಗಿ ಕುಗ್ಗಿತ್ತು. ಸಾಹೇಬರು ಸಂತೋಷದಿಂದ ತಮ್ಮ ಕೋಣೆಯಿಂದ ಹೊರಗೆ ಬಂದು, ರೋಗಿಗಳು ಕಾಯುವ ಹಾಲ್‌ನಲ್ಲಿ, ಎಲ್ಲರ ಎದುರು ಅವರ ಬೆನ್ನು ತಟ್ಟಿ ಹೇಳಿದರು:

'ನೋಡಿ ಈ ಮುಖ! ಗುಳ್ಳೆ ಎದ್ದರೆ ಔಷಧ ಕೆಲಸ ಮಾಡ್ತಿದೆ ಅಂತ ಅರ್ಥ. ಸರ್ಟಿಫಿಕೇಟು ಮುಖದ ಮೇಲೇ ಇದೆ!'

ಮಾತು ಪೂರ್ತಿ ಸುಳ್ಳಲ್ಲ. ಬಹಳ ಜನರನ್ನು ಒಟ್ಟಿಗೆ ನೋಡಿದರೆ, ಗುಳ್ಳೆ ಎದ್ದವರಿಗೆ ಈ ಗುಳಿಗೆ ತುಸು ಹೆಚ್ಚು ಹಿಡಿಸುವುದು ಕಂಡಿದೆ. ಆದರೆ ಎದುರಿಗೆ ಕೂತ ಒಬ್ಬ ಮನುಷ್ಯನ ವಿಷಯದಲ್ಲಿ ಅವನ ಕೆನ್ನೆ ಏನನ್ನೂ ಖಾತ್ರಿಯಾಗಿ ಹೇಳುವುದಿಲ್ಲ. ಈ ಎರಡನೆಯ ಮಾತು ಹೇಳುವಷ್ಟು ಹೊತ್ತು ಸಾಹೇಬರಿಗೆ ಇರಲಿಲ್ಲ. ಅವರಿಗೆ ಮೀಟಿಂಗು ಇತ್ತು.

ಅಂದಿನಿಂದ ಕಾಯುವವರ ಆ ಹಾಲ್, ಪರೀಕ್ಷೆಯ ಫಲಿತಾಂಶ ಹಾಕಿದ ಕಾಲೇಜಿನ ಅಂಗಳವಾಯಿತು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಕೆನ್ನೆ ತುಂಬ ಎದ್ದವರು ಕಾಲು ಚಾಚಿ ಕೂರುವರು. ಎರಡೋ ಮೂರೋ ಎದ್ದವರು ಗದ್ದ ಮುಂದೆ ಮಾಡಿ ತೋರಿಸುವರು. ಏನೂ ಏಳದವರು ಮೂಲೆಯಲ್ಲಿ, ಫೇಲಾದವರ ಹಾಗೆ. ಹಾಗೆ ಮೂಲೆಯಲ್ಲಿ ಕೂತವರು ಶಾಂತಾಬಾಯಿ.

ಬೀದರ ಕಡೆಯ ಬಟ್ಟೆ ವ್ಯಾಪಾರಸ್ಥರ ಮನೆಯವರು. ಅರವತ್ತರ ಆಸುಪಾಸಿನಲ್ಲೂ ಕಲೆಯಿಲ್ಲದ, ಹೊಳೆಯುವ ಮುಖ. ಜೀವನವಿಡೀ ಕಡಲೆ ಹಿಟ್ಟು, ಹಾಲಿನ ಕೆನೆ ಹಚ್ಚಿ ಕಾಪಾಡಿಕೊಂಡದ್ದು. ಸಿದ್ರಾಮಪ್ಪನವರಿಗೆ ಬಂದ ರೋಗವೇ, ಕೊಟ್ಟ ಗುಳಿಗೆಯೂ ಅದೇ. ಒಂದು ಗುಳ್ಳೆಯೂ ಏಳಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದು ಬಾಗಿಲು ತಾವೇ ಮುಚ್ಚಿದರು.

'ಡಾಕ್ಟರಮ್ಮ, ಒಂದ್ ಮಾತು ಕೇಳ್ತೀನಿ, ನಗಬ್ಯಾಡ್ರಿ. ಗುಳ್ಳಿ ಏಳೂಹಂಗ ಏನರೆ ಮುಲಾಮ್ ಕೊಡ್ರಿ.'

ನನ್ನ ಇಡೀ ಸರ್ವಿಸಿನಲ್ಲಿ ಗುಳ್ಳೆ ಬೇಕು ಎಂದು ಕೇಳಿಕೊಂಡು ಬಂದವರು ಅವರೊಬ್ಬರೇ. ನಗಲಿಲ್ಲ. ಅವರ ಕಣ್ಣು ತುಂಬಿತ್ತು.

'ಗುಳ್ಳಿಗೂ ನಿಮ್ಮ ಗುಣಕ್ಕೂ ಹಂಗ ಲೆಕ್ಕ ಇಲ್ಲರಿ,' ಎಂದೆ. 'ಗುಳ್ಳಿ ಇಲ್ಲದೇನೂ ಔಷಧ ಹತ್ತತೈತಿ. ಸ್ಕ್ಯಾನ್ ನೋಡಿನೇ ಹೇಳಬೇಕು.'

'ಮತ್ತ ದೊಡ್ಡ ಡಾಕ್ಟರ್ ಸುಳ್ಳು ಹೇಳ್ಯಾರೇನ್ರಿ?'

'ಸುಳ್ಳಲ್ಲ. ಅರ್ಧ ಹೇಳ್ಯಾರ.'

'ಉಳಿದ ಅರ್ಧ ನಿಮಗ ಹ್ಯಾಂಗ ಗೊತ್ತಾತ್ರಿ? ನೀವು ಚರ್ಮದವರು.' ಬಿರುಸಿನಿಂದ ಅಂದದ್ದಲ್ಲ; ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ನಾನು ಮತ್ತೊಮ್ಮೆ ವಿವರಿಸಿದೆ. ತಲೆಯಾಡಿಸಿ ಎದ್ದುಹೋದರು. ನಂಬಿಕೆ ಬರಲಿಲ್ಲ ಎಂದು ಅವರು ಹೋದ ರೀತಿಯಲ್ಲೇ ಗೊತ್ತಾಯಿತು. ಸ್ನೋ ಪೌಡರ್ ಡಿಪಾರ್ಟ್‌ಮೆಂಟಿನ ಮಾತಿಗೆ ಅಷ್ಟೇ ಬೆಲೆ. ಆವತ್ತೇ ಸಾಹೇಬರ ಕೋಣೆಗೆ ಹೋಗಿ, ಆ ಮಾತು ಜನರಲ್ಲಿ ಗಾಬರಿ ಹುಟ್ಟಿಸುತ್ತಿದೆ ಎಂದೆ. 'ಜನ ನಗುನಗುತ್ತಾ ಇದ್ದಾರಮ್ಮಾ, ಯಾಕೆ ಕೆಡಿಸ್ತೀರಿ?' ಎಂದರು.

ಹಾಲ್‌ನಲ್ಲಿ ಶಾಂತಾಬಾಯಿ, ಸಿದ್ರಾಮಪ್ಪ ಇಬ್ಬರೂ ಪಕ್ಕಪಕ್ಕ ಕೂತು ಮಾತಾಡುವುದನ್ನು ಹೋಗುವಾಗ ಬರುವಾಗ ನೋಡುತ್ತಿದ್ದೆ. ಒಂದೇ ಕಡೆಯವರು, ಒಂದೇ ಭಾಷೆ, ಸಂತೋಷವಾಗುತ್ತಿತ್ತು. ಅವರು ಮಾತಾಡುತ್ತಿದ್ದುದು ಏನೆಂದು ಆಮೇಲೆ ತಿಳಿಯಿತು. ಶಾಂತಾಬಾಯಿ, 'ನೀವು ಏನು ಉಣ್ಣತೀರಿ? ಹ್ಯಾಂಗ ಇಷ್ಟ ಚಂದ ಎದ್ದಾವ?' ಎಂದು ಕೇಳುತ್ತಿದ್ದರು. ಸಿದ್ರಾಮಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು, ಜೊತೆಗೆ ತಾವೂ ಒಂದು ಲೆಕ್ಕ ಹಾಕುತ್ತಿದ್ದರು: ಗುಳ್ಳೆ ಸರ್ಟಿಫಿಕೇಟಾದರೆ, ಬಾಯಾರ ಮುಲಾಮು ಆ ಸರ್ಟಿಫಿಕೇಟನ್ನು ದಿನಾ ಬೆಳಿಗ್ಗೆ ಸಂಜೆ ಒರೆಸಿಹಾಕುತ್ತಿದೆ.

ಅವರು ಮುಲಾಮು ಬಿಟ್ಟರು. ಕ್ಯಾಪ್ಸೂಲು ಬಿಟ್ಟರು. ಟವೆಲ್ಲನ್ನೂ ಬಿಟ್ಟು, ಊಟದ ಬಿಡುವಿನಲ್ಲಿ ಕಾರ್ಖಾನೆಯ ಹೊರಗೆ ಏಪ್ರಿಲ್ಲಿನ ಬಿಸಿಲಿಗೆ ಮುಖ ಒಡ್ಡಿ ಕೂತರು. ನನ್ನ ಹತ್ತಿರ ಬರುವುದನ್ನೂ ನಿಲ್ಲಿಸಿದರು. ಅತ್ತ ಶಾಂತಾಬಾಯಿ, ಒಂದು ಗುಳಿಗೆಗೆ ಏಳದ ಗುಳ್ಳೆ ಎರಡಕ್ಕೆ ಏಳಬಹುದೆಂದು, ಮನೆಯಲ್ಲಿ ಯಾರಿಗೂ ಹೇಳದೆ ದಿನಕ್ಕೆ ಎರಡು ನುಂಗತೊಡಗಿದರು.

ಫಲಿತಾಂಶ ಒಂದೇ ವಾರದಲ್ಲಿ ಬಂತು. ಸಿದ್ರಾಮಪ್ಪನವರನ್ನು ಕಾಶಮ್ಮ ಆಟೋದಲ್ಲಿ ಕರೆತಂದಾಗ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಗುಳ್ಳೆಗಳು ಕೀವಾಗಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿ, ಮುಖ ಊದಿಕೊಂಡು, ಮೈ ಕೆಂಡದಂಥ ಜ್ವರ. ಶಾಂತಾಬಾಯಿಯವರನ್ನು ಸೊಸೆ ವ್ಹೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದಳು. ಭೇದಿ ನಿಲ್ಲದೆ ನೀರೆಲ್ಲ ಬಸಿದುಹೋಗಿ, ನಾಲಿಗೆ ಒಣಗಿ, ನಾಡಿ ಕೈಗೆ ಸಿಗುತ್ತಿರಲಿಲ್ಲ. ಮುಖ ಮಾತ್ರ ಹಾಗೇ ಹೊಳೆಯುತ್ತಿತ್ತು. ಇಬ್ಬರ ಗುಳಿಗೆಯನ್ನೂ ಸಾಹೇಬರು ತಕ್ಷಣ ನಿಲ್ಲಿಸಬೇಕಾಯಿತು. ಔಷಧ ಹತ್ತಬೇಕೆಂದು ಇಷ್ಟೆಲ್ಲ ಮಾಡಿದವರಿಗೆ ಔಷಧವೇ ನಿಂತಿತು.

ಕೀವು ಪರೀಕ್ಷೆಗೆ ಕಳಿಸಿ, ಸೋಂಕಿಗೆ ಇಂಜೆಕ್ಷನ್ ಶುರುಮಾಡಿ, ಉಪ್ಪುನೀರಿನ ಒದ್ದೆ ಬಟ್ಟೆಯಿಂದ ಸಿದ್ರಾಮಪ್ಪನವರ ಹಕ್ಕಳೆ ನೆನೆಸಿ ತೆಗೆಯುತ್ತಿದ್ದೆ. ಕಾಶಮ್ಮ ಎಲ್ಲ ಹೇಳಿಬಿಟ್ಟಿದ್ದರು. ನನಗೆ ಸಿಟ್ಟು ಬಂದಿತ್ತು.

'ಮುಲಾಮ್ ಯಾಕ ಬಿಟ್ರಿ? ನಾ ಎಷ್ಟು ಸಲ ಹೇಳೀನಿ?'

'ಮುಲಾಮ್ ಹಚ್ಚಿದ್ರ ಗುಳ್ಳಿ ಹೋಗತಾವ. ಗುಳ್ಳಿ ಹೋದ್ರ ಔಷಧ ಹೋತಲ್ಲರಿ.'

'ಹಂಗಂತ ಮುಖ ಇಷ್ಟು ಕೆಡಿಸಿಕೊಳ್ಳೂದ?'

ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. 'ಮುಖ ಹ್ಯಾಂಗರೆ ಇರಲಿ ಬಾಯಾರ. ನನಗ ಬದುಕಬೇಕಾಗೈತಿ.'

ನಾನು ಬಟ್ಟೆ ಒದ್ದೆ ಮಾಡಿದೆ, ಹಿಂಡಿದೆ, ಇಟ್ಟೆ.

ಅಲ್ಲಿಂದ ನೇರವಾಗಿ ಸಾಹೇಬರ ಕೋಣೆಗೆ ಹೋದೆ. ಈ ಸಲ ಬಾಗಿಲು ತಟ್ಟಲಿಲ್ಲ.

'ಸರ್, ನಿಮ್ಮ ಸರ್ಟಿಫಿಕೇಟು ತಗೊಂಡವರೊಬ್ಬರು, ಸಿಗದವರೊಬ್ಬರು ವಾರ್ಡಿನಲ್ಲಿ ಮಲಗಿದ್ದಾರೆ. ನೋಡೋಣ ಬನ್ನಿ.'

'ನಾನು ಧೈರ್ಯ ಹೇಳಿದೆ ಅಷ್ಟೇ ಅಮ್ಮಾ.'

'ಧೈರ್ಯ ಬಹಳ ಚೆನ್ನಾಗಿ ಹತ್ತಿದೆ ಸರ್. ಒಬ್ಬರಿಗೆ ಜ್ವರ, ಒಬ್ಬರಿಗೆ ಭೇದಿ.'

ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಆಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎದ್ದು ಬಂದರು. ಅವರ ದನಿ ಅವರಿಗಿಂತ ಮುಂದೆ ವಾರ್ಡಿಗೆ ಹೋಗದ ದಿನ ಅದೊಂದೇ.

ಸಿದ್ರಾಮಪ್ಪನವರ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತರು. ತೆಲುಗಿನಲ್ಲಿ ಶುರುಮಾಡಿದರು. ಸಾಮಾನ್ಯವಾಗಿ ಹೇಳುವುದಾದರೆ, ಒಟ್ಟಾರೆಯಾಗಿ ನೋಡಿದಾಗ, ಕೆಲವು ಸಂದರ್ಭಗಳಲ್ಲಿ ಗುಳ್ಳೆಗೂ ಗುಣಕ್ಕೂ ನಂಟು ಕಂಡರೂ, ಅದನ್ನು ಪ್ರತಿಯೊಬ್ಬರಿಗೂ ಅನ್ವಯಿಸಲಾಗದೆಂಬ ಅಂಶವನ್ನು ತಾವು ಅಂದು ಸ್ಪಷ್ಟಪಡಿಸಬೇಕಿತ್ತು. ಗುಳ್ಳೆಗೆ ಮುಲಾಮು ಹಚ್ಚಿದರೆ ಒಳಗಿನ ಔಷಧದ ಶಕ್ತಿ ಕುಂದುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇನ್ನೂ ಉದ್ದವಿತ್ತು. ಮುಗಿಸಿ, 'ಅವರ ಭಾಷೆಯಲ್ಲಿ ಹೇಳಿ' ಎಂದು ನನ್ನ ಕಡೆ ನೋಡಿದರು.

'ತಪ್ಪಾತಂತ ಹೇಳಾಕತ್ತಾರ್ರಿ,' ಎಂದೆ.

ಇಷ್ಟು ವರ್ಷ ಬಾಲಾನಗರದಲ್ಲಿ ದುಡಿದ ಸಿದ್ರಾಮಪ್ಪನವರಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತಿತ್ತು. ಊದಿದ ತುಟಿಯಲ್ಲೇ ನಕ್ಕರು. 'ಸಾಹೇಬ್ರು ಅಷ್ಟುದ್ದ ಹೇಳಿದ್ದನ್ನ ನೀವು ಭಾಳ ಗಿಡ್ಡ ಮಾಡಿದ್ರಿ ಬಾಯಾರ.' ಆಮೇಲೆ ಸಾಹೇಬರತ್ತ ತಿರುಗಿ ತೆಲುಗಿನಲ್ಲೇ, 'ಪರವಾಗಿಲ್ಲ ಸಾರ್, ಗುಳಿಗೆ ಮತ್ತೆ ಯಾವಾಗ ಕೊಡ್ತೀರಿ?' ಎಂದರು. ಸಾಹೇಬರು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಜ್ವರ ಇಳಿದು ಮುಖ ಒಣಗಿದ ಕೂಡಲೇ ಎಂದರು. ಶಾಂತಾಬಾಯಿಯವರ ಹತ್ತಿರವೂ ಹೋಗಿ ಹೇಳಿದರು. ಅವರಿಗೆ ತೆಲುಗು ಅಷ್ಟು ಬಾರದ ಕಾರಣ ಅಲ್ಲಿ ನಾನು ಪೂರ್ತಿ ಅನುವಾದ ಮಾಡಿದೆ. ಅಷ್ಟೂ ಕೇಳಿ ಶಾಂತಾಬಾಯಿ, 'ಚರ್ಮದ ಡಾಕ್ಟರ್ ಮೊದಲೇ ಹೇಳಿದ್ರು' ಎಂದರು. ಅದನ್ನು ಅನುವಾದ ಮಾಡುವ ಅಗತ್ಯ ನನಗೆ ಕಾಣಲಿಲ್ಲ. ಆದರೂ ಮಾಡಿದೆ.

ಇಬ್ಬರೂ ಚೇತರಿಸಿಕೊಂಡರು. ಗುಳಿಗೆ ಮತ್ತೆ ಶುರುವಾಯಿತು. ನಮ್ಮಲ್ಲಿ ಪದ್ಧತಿ ಬದಲಾದದ್ದು ಆಗ. ಅಲ್ಲಿಯವರೆಗೆ ಮುಖ ಕೆಟ್ಟ ಮೇಲೆ ನನ್ನ ಹತ್ತಿರ ಕಳಿಸುತ್ತಿದ್ದರು. ಆಮೇಲೆ ಗುಳಿಗೆ ಶುರುವಾಗುವ ದಿನವೇ, ಒಂದು ಗುಳ್ಳೆಯೂ ಏಳುವ ಮೊದಲೇ, ತೇವದ ಕ್ರೀಮು, ಬಿಸಿಲಿನ ಕ್ರೀಮು, ಕ್ಯಾಪ್ಸೂಲು ಎಲ್ಲ ಒಟ್ಟಿಗೆ ಶುರು. ಗುಳ್ಳೆ ಬರುವುದು ನಿಲ್ಲಲಿಲ್ಲ, ಅದರ ಅಬ್ಬರ ಇಳಿಯಿತು. ಮುಖ ಕೆಟ್ಟಿತೆಂದು ಗುಳಿಗೆ ಬಿಟ್ಟು ಮನೆಯಲ್ಲಿ ಕೂರುವವರು ಕಡಿಮೆಯಾದರು. ಬೇರೆ ಊರುಗಳ ಡಾಕ್ಟರುಗಳು ಇದನ್ನು ಮೊದಲೇ ಮಾಡುತ್ತಿದ್ದರು. ನಮ್ಮಲ್ಲಿ ಶುರುವಾಗಲು ಇಬ್ಬರು ವಾರ್ಡಿನಲ್ಲಿ ಮಲಗಬೇಕಾಯಿತು. ಆ ವರ್ಷದ ಒಂದು ಸಮ್ಮೇಳನದಲ್ಲಿ ಸಾಹೇಬರು ಇದರ ಬಗ್ಗೆ ಸೊಗಸಾಗಿ ಮಾತಾಡಿದರು. ತೇವದ ಕ್ರೀಮು ಎಂಬ ಪದಾರ್ಥವನ್ನು ತಾವೇ ಕಂಡುಹಿಡಿದಂತೆ ವಿವರಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಹೊಸ ವಿಷಯಗಳನ್ನು ಕಲಿತೆ. ಮರಳಿ ಬಂದ ಮೇಲೆ ಗೋದಾಮಿನ ಅರ್ಧ ಭಾಗವನ್ನು ನನ್ನ ಕೋಣೆಗೆ ಸೇರಿಸಿದರು. ಹಳೆಯ ಹಾಸ್ಯವನ್ನು ಮಾತ್ರ ಮತ್ತೆ ಹೇಳಲಿಲ್ಲ.

ಶಾಂತಾಬಾಯಿಯವರ ಸ್ಕ್ಯಾನು ಬಂತು. ಒಂದು ಗುಳ್ಳೆಯ ಸಹಾಯವೂ ಇಲ್ಲದೆ ಗಡ್ಡೆ ಕುಗ್ಗಿತ್ತು. ಆದರೂ ಅವರಿಗೆ ಒಳಗೊಳಗೇ ಕೊರಗು ಇತ್ತು ಎಂದು ಕಾಣುತ್ತದೆ. ತಿಂಗಳುಗಳ ಮೇಲೆ ಒಂದು ದಿನ ಹುಡುಗಿಯ ಹಾಗೆ ಸಡಗರದಿಂದ ಒಳಗೆ ಬಂದು, 'ಬಂತ್ರಿ ಡಾಕ್ಟರಮ್ಮ, ನನಗೂ ಬಂತು!' ಎಂದರು. ನೋಡಿದರೆ ಕಣ್ಣಿನ ರೆಪ್ಪೆಗೂದಲು ಉದ್ದುದ್ದ ಬೆಳೆದು ಸುರುಳಿ ಸುತ್ತಿಕೊಂಡಿದ್ದವು. ಅದೂ ಆ ಗುಳಿಗೆಯದೇ ಚೇಷ್ಟೆ. ಹರೆಯದವರು ಬ್ಯೂಟಿ ಪಾರ್ಲರಿನಲ್ಲಿ ಅಂಟಿಸಿಕೊಳ್ಳುವಂಥವು. ಕಣ್ಣಿಗೆ ಚುಚ್ಚುತ್ತವೆ, ಕತ್ತರಿಸೋಣ ಎಂದೆ. 'ಸ್ವಲ್ಪ ಇರಲಿ ಬಿಡ್ರಿ' ಎಂದರು. ಚುಚ್ಚುತ್ತಿದ್ದ ಎರಡನ್ನು ಕತ್ತರಿಸಿ ಉಳಿದವನ್ನು ಬಿಟ್ಟೆ. ನಾನು ನಿವೃತ್ತಳಾಗುವವರೆಗೂ ಅವರು ಬರುತ್ತಿದ್ದರು, ಅದೇ ಮುಖ, ಅದೇ ರೆಪ್ಪೆ.

ಸಿದ್ರಾಮಪ್ಪನವರದು ಬೇರೆ ಆಯಿತು.

ಬಹಳ ಕಾಲ ಚೆನ್ನಾಗಿದ್ದರು. ಮುಲಾಮು ತಪ್ಪಿಸಲಿಲ್ಲ. ಕಾಲಕ್ರಮದಲ್ಲಿ ಗುಳ್ಳೆ ಇಳಿದು ಉಗುರಿನ ಅಂಚು ಬಾತುಕೊಂಡಿತು, ಹೆಬ್ಬೆರಳ ತುದಿ ಸೀಳಿತು. ಲೇತಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಬಿಡಿಸಲು ನಾನು ಪಟ್ಟ ಪಾಡನ್ನು ಹೇಳಿದರೆ ಇನ್ನೊಂದು ಕಥೆಯಾಗುತ್ತದೆ. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ತೊಳೆಯತೊಡಗಿದರು. 'ಕಾರ್ಖಾನಿ ಒಳಗ ಎಲ್ಲಾರೂ ನಗತಾರ್ರಿ, ಮದುಮಗನ ಹಂಗ ಎಣ್ಣಿ ಹಚ್ಚಿಕೊಳ್ಳಾಕತ್ತಾನ ಅಂತ' ಎನ್ನುತ್ತಿದ್ದರು. ನಗಲಿ, ಬೆರಳು ಉಳಿಯಿತಲ್ಲ ಎಂದೆ.

ಈ ಗುಳಿಗೆಗಳ ಗುಣವೆಂದರೆ ಒಂದಲ್ಲ ಒಂದು ದಿನ ಅವು ಸೋಲುತ್ತವೆ. ಕ್ಯಾನ್ಸರ್ ದಾರಿ ಬದಲಿಸಿಕೊಳ್ಳುತ್ತದೆ. ಅವರಿಗೂ ಹಾಗೇ ಆಯಿತು. ಗಡ್ಡೆ ಮತ್ತೆ ಬೆಳೆಯಿತು, ಬೆನ್ನುಮೂಳೆಗೂ ಹೋಯಿತು. ಸಾಹೇಬರು ಇನ್ನೊಂದು ಗುಳಿಗೆ ಕೊಟ್ಟು ನೋಡಿದರು. ಅದೂ ಹತ್ತಲಿಲ್ಲ. ಗುಳಿಗೆ ನಿಲ್ಲಿಸಿ ಕೀಮೋ ಹಾಕಿದರು. ಮೈ ತಡೆಯಲಿಲ್ಲ, ಅದನ್ನೂ ನಿಲ್ಲಿಸಿದರು. ನೋವಿನ ಔಷಧ ಮಾತ್ರ ಉಳಿಯಿತು.

ಗುಳಿಗೆ ನಿಂತ ಮೇಲೆ ಮುಖದ ಮೇಲಿನ ಗುಳ್ಳೆಗಳೆಲ್ಲ ಹೋದವು. ಕೆಂಪು ಹೋಯಿತು, ಹೊಟ್ಟು ಹೋಯಿತು. ಬಹಳ ವರ್ಷಗಳ ಮೇಲೆ ಅವರ ಮುಖ ಅವರಿಗೆ ವಾಪಸ್ಸು ಬಂತು. ಒಂದು ಮಧ್ಯಾಹ್ನ, ಕಾಶಮ್ಮ ಔಷಧದ ಸಾಲಿನಲ್ಲಿ ನಿಂತಿದ್ದಾಗ, ಅವರೊಬ್ಬರೇ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಮೈ ಅರ್ಧವಾಗಿತ್ತು. ಕುರ್ಚಿ ಎಳೆದು ಕೂರಿಸಿ, ಮುಖ, ಎದೆ, ಕೈ, ಉಗುರು ಎಲ್ಲ ನೋಡಿದೆ. ಒಂದು ಬಿರುಕೂ ಇಲ್ಲ.

'ಏನೂ ಇಲ್ಲಲ್ಲರಿ. ತುರಿಕಿ ಏನರೆ ಐತೇನು?'

'ಇಲ್ಲರಿ.'

'ಮತ್ತ ಯಾಕ ಇಷ್ಟು ದೂರ ನಡದು ಬಂದ್ರಿ?'

ಸ್ವಲ್ಪ ದಮ್ಮು ತೆಗೆದುಕೊಂಡು ಹೇಳಿದರು. 'ನಿನ್ನಿ ಕಾರ್ಖಾನಿ ಮಂದಿ ಮಾತಾಡ್ಸಾಕ್ ಬಂದಿದ್ರು. ನೋಡಿ ಎಲ್ಲಾರೂ, ಏ ಸಿದ್ರಾಮ, ಮುಖ ಎಷ್ಟ ಚಂದ ಆಗೈತೋ, ಆರಾಮ ಆದಿ ಬಿಡು ಅಂದ್ರು. ಮಾಲಕಿನೂ ಹಂಗ ಅಂದಾಳ. ಕಾಶಮ್ಮನೂ ಮಂದಿ ಮಾತು ಕೇಳಿ ಖುಷಿ ಆಗ್ಯಾಳ್ರಿ.'

'ನೀವೇನಂದ್ರಿ?'

'ಹೌದು, ಆರಾಮ ಅದೀನಿ ಅಂದೆ. ದಿನಾ ಅನ್ನಾಕತ್ತೀನಿ. ಸಾಕಾಗೇದ್ರಿ ಬಾಯಾರ. ಮುಖ ಯಾಕ ಚಂದ ಆಗೈತಿ ಅಂತ ನಿಮಗ ಗೊತ್ತೈತಲ್ಲ. ಇಲ್ಲಿ ಕುಂತ್ರ ಹಂಗ ಅನ್ನೂದು ಬೇಕಾಗಿಲ್ಲ.'

ಹೊರಗೆ ಸಾಲು ಉದ್ದವಿತ್ತು. ಬಾಗಿಲು ತೆರೆದು ಇಣುಕಿದ ನರ್ಸಿಗೆ ಸ್ವಲ್ಪ ತಡೆಯಿರಿ ಎಂದು ಕೈಸನ್ನೆ ಮಾಡಿದೆ. ಸಿದ್ರಾಮಪ್ಪ ಮೇಜಿನ ಮೇಲಿದ್ದ ಕ್ರೀಮಿನ ಡಬ್ಬಿ ನೋಡಿ, 'ಅದನ್ನ ಒಂಚೂರು ಹಚ್ಚಿರಿ. ರೂಢಿ ಆಗೈತಿ' ಎಂದರು.

ಹಚ್ಚುವ ಕಾರಣ ಯಾವುದೂ ಇರಲಿಲ್ಲ. ಕೈ ತೊಳೆದು, ಬೆರಳ ತುದಿಗೆ ಕ್ರೀಮು ತೆಗೆದುಕೊಂಡು, ಹಣೆಯಿಂದ ಶುರುಮಾಡಿದೆ. ಮೂಗಿನ ಅಕ್ಕಪಕ್ಕ, ಕೆನ್ನೆ, ಗದ್ದ, ಕಿವಿಯ ಹಿಂದೆ. ಅವರು ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ದಮ್ಮು ತಗ್ಗಿ ಉಸಿರು ಸರಾಗವಾಯಿತು. ಹಚ್ಚುವುದು ಮುಗಿದಿತ್ತು. ಮುಗಿಯಿತು ಎಂದು ನಾನು ಹೇಳಲಿಲ್ಲ.